ಇನ್ನೂರ ಹದಿನಾಲ್ಕನೆಯ ಅಭಿಪ್ರಾಯ

ಆಲ್ಟನ್ ಫಾಂಟನೋ ಅವರು ಬದುಕಿನಲ್ಲಿ ಹೇಳಿದ ಒಂದೇ ಒಂದು ದೊಡ್ಡ ಸುಳ್ಳನ್ನು ಟೈಪ್ ಮಾಡಿದವಳು ನಾನು. ಸಣ್ಣಪುಟ್ಟ ಸುಳ್ಳು ಅವರೂ ಹೇಳುತ್ತಿದ್ದರು, ಸಕ್ಕರೆ ಕಾಯಿಲೆಯವರೆಲ್ಲ ಡಾಕ್ಟರ ಮುಂದೆ ಹೇಳುವಂಥವು. ಇದು ಆ ಜಾತಿಯದಲ್ಲ. ಇದು ಸರ್ಕಾರದ ಕಡತಕ್ಕೆ ಹೋಯಿತು, ಅಲ್ಲಿಂದ ರಾಜ್ಯದ ರಾಜಧಾನಿಯ ಸಭೆಗೆ ಹೋಯಿತು, ಕೊನೆಗೆ ಒಬ್ಬ ಹಿರಿಯ ಹೆಂಗಸಿನ ಮುಖದೆದುರು ಹೋಗಿ ನಿಂತಿತು. ಅವರ ಕಥೆ ಬರೆಯಲು ಕೂತರೆ ನನ್ನ ಕಿವಿ ಬಿಸಿಯಾಗುತ್ತದೆ. ಓದುವವರು ಅವರೊಬ್ಬರನ್ನೇ ನೋಡಿ ನಗಬೇಡಿ, ಪಕ್ಕದ ಸೀಟಿನಲ್ಲಿ ನಾನಿದ್ದೆ.

ಆಲ್ಟನ್ ಹುಟ್ಟಿದ್ದು ಲೂಯಿಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ. ಆರು ವರ್ಷದವರಿದ್ದಾಗ ಅವರಪ್ಪನಿಗೆ ಇಲ್ಲಿ ಪಶ್ಚಿಮ ಕರಾವಳಿಯ ನಮ್ಮೂರು ವಲ್ಲೇಹೊದ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಅಪ್ಪ, ಅಮ್ಮ, ಐದು ಮಕ್ಕಳು, ಒಂದು ಕಬ್ಬಿಣದ ಬಾಣಲೆ, ಇಷ್ಟನ್ನೂ ಒಂದೇ ಕಾರಿನಲ್ಲಿ ತುಂಬಿಕೊಂಡು ನಾಲ್ಕು ದಿನ ಓಡಿಸಿಕೊಂಡು ಬಂದರಂತೆ. "ಆ ನಾಲ್ಕು ದಿನ ನಮ್ಮಪ್ಪ ಕಣ್ಣು ಮುಚ್ಚಿದ್ದನ್ನ ನಾನು ಕಾಣೆ" ಎಂದು ಅವರು ನನಗೆ ನೂರು ಸಲ ಹೇಳಿದ್ದಾರೆ. ಹೇಳುತ್ತಿದ್ದರು ಎನ್ನಬೇಕು. ಆ ಫೆಬ್ರವರಿಯ ನಂತರ ಒಮ್ಮೆಯೂ ಹೇಳಿಲ್ಲ.

ಇಪ್ಪತ್ತೇಳು ವರ್ಷ ಅವರು ಊರಿನ ಬಸ್ಸು ಓಡಿಸಿದರು. ದೋಣಿಕಟ್ಟೆಯಿಂದ ಬೆಟ್ಟದ ಮೇಲಿನ ಆಸ್ಪತ್ರೆಗೆ, ಆಸ್ಪತ್ರೆಯಿಂದ ದೋಣಿಕಟ್ಟೆಗೆ. ಒಂದು ಅಪಘಾತವಿಲ್ಲ, ಒಂದು ಗೀರಿಲ್ಲ. ನಿವೃತ್ತಿಯ ದಿನ ಅದಕ್ಕೆಂದೇ ಒಂದು ಹಿತ್ತಾಳೆಯ ಬಿಲ್ಲೆ ಕೊಟ್ಟರು. ಅದನ್ನು ಅವರು ತಮ್ಮ ನೀಲಿ ಟೋಪಿಯ ನೆತ್ತಿಗೆ ಚುಚ್ಚಿಕೊಂಡರು. ಮುಂಭಾಗಕ್ಕೆ ಯಾಕೆ ಚುಚ್ಚಲಿಲ್ಲ ಎಂದು ಕೇಳಿದರೆ, "ಜನ ನೋಡ್ಲಿ ಅಂತ ಅಲ್ಲ ತಂಗಿ, ದೇವರು ಮೇಲಿಂದ ನೋಡ್ಲಿ ಅಂತ" ಎನ್ನುತ್ತಿದ್ದರು. ಭಾನುವಾರ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ಜನರನ್ನು ಸಾಲಿಗೆ ಕೂರಿಸುವ ಕೆಲಸವೂ ಅವರದೇ. ಆ ಹೊತ್ತಿಗೆ ಮಾತ್ರ ಟೋಪಿ ಕಂಕುಳಲ್ಲಿ ಇರುತ್ತಿತ್ತು.

ನಿವೃತ್ತಿಯ ಮರುವರ್ಷ ಹೆಂಡತಿ ತೀರಿಕೊಂಡರು. ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು. ಅಷ್ಟರಲ್ಲಿ ತಾನೇ ಓಡುವ ಕಾರುಗಳ ಕಂಪನಿಯೊಂದು ನಮ್ಮೂರಿಗೆ ಬಂದು, ಹಳೆಯ ಪೀಠೋಪಕರಣದ ಗೋದಾಮಿನಲ್ಲಿ ಕಾರು ನಿಲ್ಲಿಸುವ ಅಂಗಳ ಮಾಡಿಕೊಂಡು, ಅನುಭವಿ ಚಾಲಕರು ಬೇಕು ಎಂದು ಬೋರ್ಡು ಹಾಕಿತು. ಕಾರು ತಾನೇ ಓಡುವುದಾದರೆ ಚಾಲಕ ಯಾಕೆ ಎಂದು ಊರೆಲ್ಲ ನಕ್ಕಿತು. ಆಲ್ಟನ್ ನಗಲಿಲ್ಲ. ಅರ್ಜಿ ಹಾಕಿ ಬಂದರು.

ಚಾಲಕ ಬೇಕಾಗಿದ್ದು ಕಾನೂನಿಗೆ. ಪರೀಕ್ಷೆಯ ಕಾರಿನಲ್ಲಿ ಸ್ಟಿಯರಿಂಗ್ ಹಿಂದೆ ಮನುಷ್ಯ ಇರಲೇಬೇಕು, ಕಾರು ತಪ್ಪಿದರೆ ಅವನು ತಕ್ಷಣ ಕೈಗೆ ತೆಗೆದುಕೊಳ್ಳಬೇಕು. ಹಾಗೆ ಎಷ್ಟು ಸಲ ತೆಗೆದುಕೊಂಡ, ಯಾಕೆ ತೆಗೆದುಕೊಂಡ ಎಂಬುದನ್ನು ಕಂಪನಿ ವರ್ಷಕ್ಕೊಮ್ಮೆ ಪಟ್ಟಿ ಮಾಡಿ, ಸಹಿ ಹಾಕಿ ರಾಜ್ಯದ ವಾಹನ ಇಲಾಖೆಗೆ ಒಪ್ಪಿಸಬೇಕು. ಇಲ್ಲಿಯ ಕಾರುಗಳಲ್ಲಿ ಸ್ಟಿಯರಿಂಗ್ ಇರುವ ಎಡಸೀಟಿನಲ್ಲಿ ಕೂತು ಕಾಯುವುದು ಆಲ್ಟನ್ ಕೆಲಸ. ಬಲಸೀಟಿನಲ್ಲಿ ಕೂತು, ಸ್ಕ್ರೀನನ್ನೂ ರಸ್ತೆಯನ್ನೂ ಅವರನ್ನೂ ನೋಡುತ್ತಾ, ಆದದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ನನ್ನ ಹೆಸರು ಲಿಗಾಯಾ ದಕಾನಾಯ್. ನಮ್ಮ ಅಮ್ಮನ ಊರು ಫಿಲಿಪೀನ್ಸಿನ ಇಲೋಕೋಸ್. ಅಲ್ಲಿ ಅಣ್ಣನ ಸ್ಥಾನದ ಹಿರಿಯರನ್ನು 'ಮನೋಂಗ್' ಎನ್ನುತ್ತಾರೆ. ಮೊದಲ ದಿನವೇ ನಾನು ಅವರನ್ನು ಹಾಗೆ ಕರೆದೆ.

"ಅಂದ್ರೆ ಏನು, ಮುದುಕ ಅಂತಾನಾ?" ಎಂದರು.

"ಅಣ್ಣ ಅಂತ."

"ಹಂಗಾದ್ರೆ ಸರಿ. ಅಣ್ಣಂಗೆ ತಿಂಡಿ ತರಬೇಕು ಅಂತಾನೂ ನಿಮ್ಮಲ್ಲಿ ಇರಬೇಕಲ್ಲ?"

ಇತ್ತು. ಹಾಗಾಗಿ ಅಮ್ಮ ಮಾಡಿದ ಲುಂಪಿಯಾ ಸುರುಳಿಗಳು ವಾರಕ್ಕೆರಡು ದಿನ ಅವರ ಪಾಲಾದವು. ಅವರ ಮನೆಯ ಕೆಂಪು ಕಾಳಿನ ಅನ್ನ ನನ್ನ ಪಾಲಾಯಿತು. ಎರಡು ವರ್ಷ ದಿನಕ್ಕೆ ಏಳು ಗಂಟೆ ಒಂದೇ ಗಾಜಿನ ಹಿಂದೆ ಕೂತವರು ನಾವು.

ನಮ್ಮ ಅಂಗಳದಲ್ಲಿ ಒಂದು ಪದ್ಧತಿಯಿತ್ತು. ಎಡಸೀಟಿನವರು ಬ್ರೇಕನ್ನೋ ಸ್ಟಿಯರಿಂಗನ್ನೋ ಮುಟ್ಟಿದ ಕೂಡಲೆ ಕಾರು ಟಿಣ್ ಎನ್ನುತ್ತದೆ. ಅವರು ಗಟ್ಟಿಯಾಗಿ "ನಂದು!" ಎನ್ನಬೇಕು, ಕಾರು ಈಗ ನನ್ನ ಕೈಯಲ್ಲಿ ಎಂದು. ಬಲಸೀಟಿನವರು "ಯಾಕೆ?" ಎಂದು ಕೇಳಬೇಕು. ಅವರು ಹೇಳಿದ್ದನ್ನು ಒಂದು ನಿಮಿಷದೊಳಗೆ ಟೈಪ್ ಮಾಡಬೇಕು. ನಂದು, ಯಾಕೆ, ಕಸದ ಲಾರಿ. ನಂದು, ಯಾಕೆ, ಬಾತುಕೋಳಿ. ಇದರ ಜೊತೆಗೆ ಯಾವ ಕಾಗದದಲ್ಲೂ ಬರೆಯದ ಇನ್ನೊಂದು ಪದ್ಧತಿ ಇತ್ತು: ಬಲಸೀಟು ಎಡಸೀಟಿನ ಮೇಲೆ ಬರೆಯಬಾರದು. ಅವರು ಹೇಳಿದ್ದೇ ಕಾರಣ. ಅಡ್ಡಮಾತಿಲ್ಲ.

ಕಾರು ದಿನೇ ದಿನೇ ಜಾಣನಾಯಿತು, ನಾವು ದಿನೇ ದಿನೇ ದಡ್ಡರಾದೆವು. ಮೊದಮೊದಲು ದಿನಕ್ಕೆ ಇಪ್ಪತ್ತು ಸಲ ಟಿಣ್ ಎನ್ನುತ್ತಿದ್ದದ್ದು ಎರಡು ಸಲಕ್ಕೆ ಇಳಿಯಿತು. ಬಸ್ಸು ಓಡಿಸುವಾಗ ಕೈಗೆ ಕೆಲಸ, ಕಾಲಿಗೆ ಕೆಲಸ, ಬಾಯಿಗೂ ಕೆಲಸ. ಇಲ್ಲಿ ಕೈ ತೊಡೆಯ ಮೇಲೆ, ಕಾಲು ಬ್ರೇಕಿನ ಮೇಲೆ, ಹೊಟ್ಟೆಯಲ್ಲಿ ಬೆಳಗಿನ ತಿಂಡಿ. ಜನವರಿಯ ಹೊತ್ತಿಗೆ ಆಲ್ಟನ್ ತೂಕಡಿಸಲು ಶುರು ಮಾಡಿದ್ದರು. ಒಂದು ಕ್ಷಣ, ಎರಡು ಕ್ಷಣ, ಗದ್ದ ಎದೆಗೆ ತಾಗಿ ಮತ್ತೆ ಮೇಲಕ್ಕೆ. ನಾನು ಕೆಮ್ಮುತ್ತಿದ್ದೆ. ಅವರು ಎಚ್ಚೆತ್ತು, "ಶೀತಾನಾ ತಂಗಿ?" ಎಂದು ಕೇಳುತ್ತಿದ್ದರು. ಅವರು ತೂಕಡಿಸುತ್ತಾರೆಂದು ಮೇಲಿನವರಿಗೆ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಿದರೆ ಅವರ ಕೆಲಸ ಹೋಗುತ್ತಿತ್ತು, ಮತ್ತೆ ಆ ಟಿವಿಯ ಮುಂದೆ ಕೂರುತ್ತಿದ್ದರು. ಕೆಮ್ಮಿಕೊಂಡೇ ಕಾಲ ಹಾಕಿದೆ.

ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ. ಕೊಲ್ಲಿಯಿಂದ ಎದ್ದ ಮಂಜು ಇನ್ನೂ ಹೋಗಿರಲಿಲ್ಲ. ಶಾಲೆಯ ಮುಂದಿನ ದಾಟುಪಟ್ಟೆಯ ಹತ್ತಿರ ಬರುತ್ತಿದ್ದೆವು. ಅವರ ತಲೆ ತಗ್ಗಿದ್ದನ್ನು ನಾನು ನೋಡಿದೆ. ಹಿಂದಿನ ಬೀದಿಯಲ್ಲಿ ಆದ ಒಂದು ಟಿಣ್‌ನ ಕಾರಣ ಟೈಪ್ ಮಾಡುವುದು ಬಾಕಿಯಿತ್ತು. ಇದೊಂದು ವಾಕ್ಯ ಮುಗಿಸಿ ಕೆಮ್ಮೋಣ ಎಂದುಕೊಂಡೆ.

ಕಾರು ಗಕ್ಕನೆ ನಿಂತಿತು. ಬೆಲ್ಟು ಎದೆಗೆ ಬಿಗಿಯಿತು, ಸ್ಕ್ರೀನು ಕೈಯಿಂದ ಜಾರಿತು. ಕಾರು ಪೂರ್ತಿ ನಿಂತ ಮೇಲೆ, ಹೌದು, ನಿಂತ ಮೇಲೆ ಆಲ್ಟನ್ ಎಚ್ಚೆತ್ತು ಬ್ರೇಕನ್ನು ಬಲವಾಗಿ ಒತ್ತಿದರು. ಟಿಣ್ ಎಂದಿತು. ತಲೆಯೆತ್ತಿ ನೋಡಿದರೆ ಬಾನೆಟ್ಟಿನ ಎದುರು, ಎರಡು ಮಾರು ದೂರದಲ್ಲಿ, ಮಿಸ್ ಅರ್ನೆಸ್ಟೀನ್ ಪ್ಯಾಟನ್ ನಿಂತಿದ್ದರು. ಮಕ್ಕಳನ್ನು ರಸ್ತೆ ದಾಟಿಸುವಾಕೆ, ಎಪ್ಪತ್ತೆರಡು ವರ್ಷದವರು. ಮದುವೆಯಾದವರೇ, ಆದರೂ ಗೌರವಕ್ಕೆ ಊರೆಲ್ಲ ಅವರನ್ನು ಮಿಸ್ ಎನ್ನುತ್ತಿತ್ತು. ಒಂದು ಕೈಯಲ್ಲಿ ಕೆಂಪು ಫಲಕ, ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಹುಡುಗಿಯ ಶಾಲಾಚೀಲದ ಪಟ್ಟಿ. ಹುಡುಗಿ ಕೈ ಬಿಡಿಸಿಕೊಂಡು ರಸ್ತೆಗೆ ಇಳಿದಿದ್ದಳು, ಅವರು ಹಿಂದೆಯೇ ಇಳಿದು ಹಿಡಿದಿದ್ದರು.

ಆಲ್ಟನ್ ತುಟಿ ಬಿಳಿಚಿಕೊಂಡಿತ್ತು. "ನಂದು" ಎಂದರು. ಗಟ್ಟಿಯಾಗಿ ಅಲ್ಲ.

"ಯಾಕೆ?" ಎಂದು ಕೇಳಿದೆ. ಬಾಯಿಗೆ ಅಭ್ಯಾಸವಾಗಿತ್ತು, ಅಷ್ಟೇ.

ಅವರು ಎದುರಿನ ಗಾಜನ್ನೇ ನೋಡುತ್ತಿದ್ದರು. "ಗಾಡಿಗೆ ಕಾಣ್ಲಿಲ್ಲ" ಎಂದರು. ಟೋಪಿ ಸರಿಮಾಡಿಕೊಂಡು, "ಅವರನ್ನ ಗಾಡಿ ಕಾಣ್ಲೇ ಇಲ್ಲ. ನಾನು ನಿಲ್ಲಿಸ್ದೆ" ಎಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. 'ದಾಟುಪಟ್ಟೆಯಲ್ಲಿದ್ದವರನ್ನು ವಾಹನ ಗುರುತಿಸಲಿಲ್ಲ. ಚಾಲಕ ಬ್ರೇಕ್ ಹಾಕಿ ನಿಲ್ಲಿಸಿದರು' ಎಂದು ಟೈಪ್ ಮಾಡಿದೆ. ಇಪ್ಪತ್ತು ಸೆಕೆಂಡು ಹಿಡಿಯಿತು. ಅವರಿಗಾಗಿ ಮಾಡಿದೆ ಎಂದು ಆಗ ಅಂದುಕೊಂಡಿದ್ದೆ. ಅವರು ನಿದ್ದೆ ಹೋಗಿದ್ದರು ಎಂದು ಬರೆದರೆ, ನೀನೇನು ಮಾಡುತ್ತಿದ್ದೆ ಎಂಬ ಪ್ರಶ್ನೆ ನನಗೇ ಬರುತ್ತಿತ್ತು.

ಯಾರಿಗೂ ಏನೂ ಆಗಿರಲಿಲ್ಲವಾದ್ದರಿಂದ ಯಾರೂ ಆ ದಿನದ ದಾಖಲೆಯನ್ನು ತೆರೆದು ನೋಡಲಿಲ್ಲ. ಯಂತ್ರದ ಒಳಗೆ ಎಲ್ಲ ಇರುತ್ತದೆ, ಯಾವ ಕ್ಷಣಕ್ಕೆ ಯಾರು ಬ್ರೇಕ್ ಹಾಕಿದರು ಎಂಬುದೂ ಇರುತ್ತದೆ. ದಿನಕ್ಕೆ ನಲವತ್ತು ಕಾರುಗಳ ಕಥೆಯನ್ನು ಕೂತು ಓದುವವರು ಯಾರು? ಕಂಪನಿಯವರು ನನ್ನ ವಾಕ್ಯವನ್ನು ಎತ್ತಿ ವರ್ಷದ ಪಟ್ಟಿಗೆ ಸೇರಿಸಿ, ಸಹಿ ಹಾಕಿ ಕಳಿಸಿಬಿಟ್ಟರು.

ಮರುದಿನ ಶುಕ್ರವಾರ. ನಾವು ಕಾಫಿಗೆ ಕಾರು ನಿಲ್ಲಿಸುವ ಮೂಲೆಗೆ ಮಿಸ್ ಅರ್ನೆಸ್ಟೀನ್ ಬಂದರು. ಕೈಯಲ್ಲಿ ಬೆಳ್ಳಿಹಾಳೆ ಸುತ್ತಿದ ಬೆಣ್ಣೆ ಕೇಕು.

"ಮಿಸ್ಟರ್ ಫಾಂಟನೋ, ಇದು ನಿಮಗೆ. ಬಿಸಿ ಇದೆ."

ಆಲ್ಟನ್ ಟೋಪಿ ತೆಗೆದು ಎದ್ದು ನಿಂತರು. "ಅಯ್ಯೋ, ಇದೆಲ್ಲ ಯಾಕೆ ಮಿಸ್ ಅರ್ನೆಸ್ಟೀನ್."

"ಇರ್ಲಿ, ಇರ್ಲಿ. ರಾತ್ರಿ ನಿದ್ದೆ ಚೆನ್ನಾಗಿ ಆಯ್ತಾ?"

"ಆಯ್ತು ಮ್ಯಾಮ್. ದೇವರ ದಯೆ."

"ಆಗ್ಲಿ, ಆಗ್ಬೇಕು" ಎಂದು ಅವರನ್ನು ಒಂದು ಗಳಿಗೆ ನೋಡಿ ಹೊರಟುಹೋದರು. ನಮ್ಮೂರಿನ ಹಳಬರು ಕುಶಲ ಕೇಳುವ ರೀತಿ ಎಂದು ನಾವು ಸುಮ್ಮನಾದೆವು. ಮುಂದಿನ ಶುಕ್ರವಾರವೂ ಕೇಕು ಬಂತು, ಅದರ ಮುಂದಿನ ಶುಕ್ರವಾರವೂ. ಪ್ರತಿ ಸಲವೂ ಅದೇ ಪ್ರಶ್ನೆ, ನಿದ್ದೆ ಆಯ್ತಾ? ಸಕ್ಕರೆ ಕಾಯಿಲೆಯ ಮನುಷ್ಯ ಪ್ರತಿ ಸಲವೂ ಕೇಕು ತಿಂದರು. ಬೇಡ ಎಂದರೆ ಏನಾದರೂ ಅಂದುಕೊಂಡಾರು ಎಂಬ ಭಯ. ತಿಂದ ಮೇಲೆ ಮುಖ ಒರೆಸಿಕೊಂಡು, "ಗಂಟಲಲ್ಲಿ ಇಳಿಯಲ್ಲ ತಂಗಿ" ಎನ್ನುತ್ತಿದ್ದರು. ಹಾಗೆಂದರೂ ತಟ್ಟೆ ಖಾಲಿಯಾಗಿರುತ್ತಿತ್ತು.

ಸುದ್ದಿ ಚರ್ಚಿಗೆ ಹೋಯಿತು. ಮಿಸ್ ಅರ್ನೆಸ್ಟೀನ್ ಹೇಳಿದ್ದಲ್ಲ, ಆ ಪುಟ್ಟ ಹುಡುಗಿಯ ಅಜ್ಜಿ ಹೇಳಿದ್ದು. ಕಾರು ನಿಂತಿತೆಂದರೆ ಒಳಗಿದ್ದವರೇ ನಿಲ್ಲಿಸಿರಬೇಕು ಎಂದು ಆಕೆ ಅಂದುಕೊಂಡಿದ್ದರು. ಪಾದ್ರಿಗಳು ಭಾನುವಾರ ಎಲ್ಲರೆದುರು ಆಲ್ಟನ್‌ರನ್ನು ಎದ್ದು ನಿಲ್ಲಿಸಿದರು. ಯಂತ್ರಕ್ಕೆ ಕಣ್ಣಿಲ್ಲ, ನಮ್ಮ ಬ್ರದರ್ ಫಾಂಟನೋಗೆ ಇದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲಲಿ ಎಂದು ಅವರು ಬಿಳಿ ಕೈಗವಸಿನ ಕೈಯನ್ನು ಮೇಲೆತ್ತಿದರಂತೆ. ಅದನ್ನು ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರಂತೆ. ಸೋಮವಾರ ಇದನ್ನು ನನಗೆ ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಮನೋಂಗ್, ಬಿಟ್ಟಾಕಿ. ಮರೆತುಹೋಗ್ತಾರೆ" ಎಂದೆ.

"ಇಪ್ಪತ್ತೇಳು ವರ್ಷ ಬಸ್ ಓಡಿಸ್ದಾಗ ಯಾರೂ ಎದ್ದು ನಿಲ್ಲಿಸ್ಲಿಲ್ಲ ನೋಡು" ಎಂದರು. "ಮಲಗಿದ್ದಕ್ಕೆ ನಿಲ್ಲಿಸಿದ್ರು."

ಯಾರೂ ಮರೆಯಲಿಲ್ಲ. ಮುಂದಿನ ವರ್ಷ ವಾಹನ ಇಲಾಖೆ ಹೊಸ ನಿಯಮಗಳ ಕರಡು ಹೊರಡಿಸಿತು. ಕಂಪನಿಗಳು ಇನ್ನು ಮುಂದೆ ಎಡಸೀಟನ್ನು ಖಾಲಿ ಬಿಡಬಹುದು. ಒಂದು ಷರತ್ತು ಮಾತ್ರ: ಶಾಲೆಗಳ ಸುತ್ತಮುತ್ತ, ಮಕ್ಕಳು ಓಡಾಡುವ ಹೊತ್ತಿನಲ್ಲಿ, ಪರೀಕ್ಷೆಯ ಕಾರಿನಲ್ಲಿ ಮನುಷ್ಯ ಇರಲೇಬೇಕು. ಆ ಷರತ್ತನ್ನು ತೆಗೆಸಲು ಕಂಪನಿಗಳು ನಿಂತವು, ಉಳಿಸಲು ಚಾಲಕರ ಸಂಘ ನಿಂತಿತು. ಷರತ್ತು ಹೋದರೆ ನಮ್ಮ ಅಂಗಳದ ನಲವತ್ತು ಎಡಸೀಟಿನವರು ಮನೆಗೆ. ಸಂಘದವರು ಇಲಾಖೆಗೆ ಹೋದ ಪಟ್ಟಿಗಳನ್ನೆಲ್ಲ ತಿರುವಿ ಹಾಕಿ, ನಾನು ಟೈಪ್ ಮಾಡಿದ ಆ ಎರಡು ವಾಕ್ಯ ಹುಡುಕಿಕೊಂಡು ಬಂದರು. ಶಾಲೆ, ಮಗು, ಮುದುಕಿ, ಕಾಣದ ಯಂತ್ರ, ನಿಲ್ಲಿಸಿದ ಮನುಷ್ಯ. ಅವರಿಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ.

"ರಾಜಧಾನೀಲಿ ಅಹವಾಲು ಸಭೆ ಇದೆ, ಮೂರೇ ನಿಮಿಷ ಮಾತಾಡಿ ಸಾಕು" ಎಂದರು.

ಆಲ್ಟನ್ ಆ ಸಂಜೆ ಕಾರಿನಿಂದ ಇಳಿಯಲೇ ಇಲ್ಲ. "ನಲವತ್ತು ಜನ ತಂಗಿ. ಹೆಂಡ್ತಿ ಮಕ್ಕಳಿರೋರು. ನಾನು ಬಾಯಿ ಮುಚ್ಕೊಂಡ್ರೆ ಅವರ ಅನ್ನ ಹೋಗುತ್ತೆ. ಬಾಯಿ ಬಿಟ್ರೆ..."

"ಷರತ್ತು ಒಳ್ಳೇದೇ ಅಲ್ವಾ ಮನೋಂಗ್? ಮಕ್ಕಳ ಹತ್ರ ಮನುಷ್ಯ ಇರ್ಬೇಕು ಅನ್ನೋದು ಸುಳ್ಳಾ?"

"ಅದು ಸುಳ್ಳಲ್ಲ."

"ಮತ್ತೆ?"

"ಮತ್ತೇನಿಲ್ಲ" ಎಂದು ಇಳಿದು ಹೋದರು. ಹೋಗಬೇಡಿ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಬಲಸೀಟು ಎಡಸೀಟಿಗೆ ತಿಳಿಸಿ ಹೇಳುವುದು ಎಲ್ಲೂ ನಿಷೇಧವಿರಲಿಲ್ಲ.

ಸಭೆಯ ದಿನ ಚರ್ಚಿನ ವ್ಯಾನ್ ತುಂಬಿತ್ತು. ಮಿಸ್ ಅರ್ನೆಸ್ಟೀನ್ ಮುಂದಿನ ಸೀಟಿನಲ್ಲಿ, ನೇರಳೆ ಬಣ್ಣದ ಹ್ಯಾಟು ಹಾಕಿಕೊಂಡು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು. ಅಂದು ಕೇಕು ತಂದಿರಲಿಲ್ಲ. ವ್ಯಾನ್ ಹತ್ತುವ ಮುಂಚೆ ಆಲ್ಟನ್ ಹತ್ತಿರ ಬಂದು, "ಇವತ್ತು ಮನಸ್ಸಲ್ಲಿ ಇರೋದನ್ನ ಹೇಳ್ತೀರಲ್ಲ?" ಎಂದು ಕೇಳಿದರು.

"ಹೇಳ್ತೀನಿ ಮ್ಯಾಮ್."

"ಅಷ್ಟು ಹೇಳಿ ಸಾಕು."

ಸಭಾಂಗಣದಲ್ಲಿ ಒಂದು ಮೈಕು, ಅದರ ಮುಂದೆ ಪುಟ್ಟ ದೀಪ. ಹಸಿರು ಇದ್ದಾಗ ಮಾತು, ಕೆಂಪು ಬಂದರೆ ನಿಲ್ಲಿಸಬೇಕು. ಇಲಾಖೆಯ ನಾಲ್ವರು ಎದುರಿಗೆ ಕೂತು ತಾಳ್ಮೆಯಿಂದ ಬರೆದುಕೊಳ್ಳುತ್ತಿದ್ದರು. ಆಲ್ಟನ್ ಹೆಸರು ಕೂಗಿದರು. ಅವರು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಹೋದರು.

"ನನ್ನ ಹೆಸರು ಆಲ್ಟನ್ ಫಾಂಟನೋ. ಇಪ್ಪತ್ತೇಳು ವರ್ಷ ಬಸ್ ಓಡಿಸಿದೀನಿ. ಒಂದು ಗೀರಿಲ್ಲ" ಎಂದು ಶುರು ಮಾಡಿದರು. ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಅವರು ನಿಜ ಹೇಳಿಬಿಡುತ್ತಾರೆ ಎಂದುಕೊಂಡೆ. ನಾಚಿಕೆಗೇಡಿನ ಮಾತೆಂದರೆ ನಾನು ಆಗ ಪ್ರಾರ್ಥಿಸಿದ್ದು ಅವರು ಹೇಳದಿರಲಿ ಎಂದು. ಹಿಂದಿನಿಂದ ಯಾರೋ "ಹೇಳಿ ಬ್ರದರ್!" ಎಂದು ಕೂಗಿದರು. ಅವರು ಹೇಳಿದರು. ಮಂಜು ಇತ್ತು, ಮಿಸೆಸ್ ಪ್ಯಾಟನ್ ಮಗುವನ್ನು ಹಿಡಿದು ನಿಂತಿದ್ದರು ಎಂದರು. ಯಂತ್ರಕ್ಕೆ ಕಾಣಲಿಲ್ಲ ಎಂದರು. "ನನ್ನ ಕಾಲು ನಿಲ್ಲಿಸ್ತು. ಆ ಮಗು ಇವತ್ತು ಎರಡನೇ ಕ್ಲಾಸಲ್ಲಿದೆ" ಎಂದರು. ದೀಪ ಕೆಂಪಾಗುವ ಮೊದಲೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಮ್ಮ ಕಂಪನಿಯ ವಕೀಲೆ ಮೂರನೇ ಸಾಲಿನಲ್ಲಿ ಮಡಿಲಲ್ಲಿ ಒಂದು ಕಡತ ಇಟ್ಟುಕೊಂಡು ಕೂತಿದ್ದಳು. ತೆರೆಯಲಿಲ್ಲ. ಅದರಲ್ಲಿ ಯಂತ್ರದ ದಾಖಲೆ ಇತ್ತೆಂದು ಆಮೇಲೆ ತಿಳಿಯಿತು. ತೆರೆದಿದ್ದರೆ, ತಾವೇ ಸಹಿ ಹಾಕಿ ಕೊಟ್ಟ ಪಟ್ಟಿ ಸುಳ್ಳೆಂದು ಒಪ್ಪಿಕೊಳ್ಳಬೇಕಿತ್ತು.

"ಮಿಸೆಸ್ ಪ್ಯಾಟನ್ ಬಂದಿದ್ದಾರೆಯೇ? ಅವರು ಮಾತಾಡಲು ಇಷ್ಟಪಡುತ್ತಾರೆಯೇ?" ಎಂದು ಸಭೆಯ ಅಧ್ಯಕ್ಷೆ ಕೇಳಿದರು.

ಮಿಸ್ ಅರ್ನೆಸ್ಟೀನ್ ಎದ್ದು ಹೋಗಿ ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡರು. "ಹತ್ತೊಂಬತ್ತು ವರ್ಷದಿಂದ ಆ ಮೂಲೇಲಿ ನಿಂತಿದೀನಿ. ರಸ್ತೆಗೆ ಕಾಲಿಡೋ ಮುಂಚೆ ಓಡಿಸೋರ ಕಣ್ಣು ನೋಡ್ತೀನಿ. ಅವರು ನನ್ನ ನೋಡಿದ್ರು ಅಂತ ಗೊತ್ತಾದ್ಮೇಲೇನೇ ಮಕ್ಕಳನ್ನ ಇಳಿಸೋದು. ನೀವು ಏನು ನಿಯಮ ಬೇಕಾದ್ರೂ ಮಾಡಿ, ನನಗೆ ನೋಡೋಕೆ ಎರಡು ಕಣ್ಣು ಕೊಡಿ. ತೆರೆದಿರೋ ಕಣ್ಣು." ಇಷ್ಟು ಹೇಳಿ ಬಂದು ಕೂತರು. ಅವರಿಗೂ ಚಪ್ಪಾಳೆ ಬಂತು. ಆಲ್ಟನ್ ಮಾತ್ರ ತಟ್ಟಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ವ್ಯಾನಿಗೆ ಕಾಯುತ್ತಿದ್ದೆವು. ಸಂಘದವರು ಆಲ್ಟನ್ ಕೈ ಕುಲುಕಿ ಕುಲುಕಿ ಹೋದರು. ಎಲ್ಲ ಹೋದ ಮೇಲೆ ಮಿಸ್ ಅರ್ನೆಸ್ಟೀನ್ ಬಂದು ಅವರ ಪಕ್ಕ ನಿಂತರು.

"ಮಿಸ್ಟರ್ ಫಾಂಟನೋ, ಆ ಟೋಪಿ ಸ್ವಲ್ಪ ಕೊಡಿ."

ಕೊಟ್ಟರು. ಅವರು ಅದರ ನೆತ್ತಿಯ ಮೇಲಿದ್ದ ಹಿತ್ತಾಳೆ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿದರು.

"ಆವತ್ತು ನಾನು ನಿಮ್ಮ ಗಾಡಿ ಒಳಗೆ ಕಣ್ಣು ಹುಡುಕ್ದೆ. ಕಾಣ್ಸಿದ್ದು ಇದು. ಈ ಬಿಲ್ಲೆ. ಗಾಡಿ ನಿಂತು, ಹಿಂದೆಮುಂದೆ ಜೋಲಿ ಹೊಡ್ದು, ಆಮೇಲೆ ನಿಮ್ಮ ಮುಖ ಮೇಲೆ ಬಂತು."

ಆಲ್ಟನ್ ಟೋಪಿಗೆ ಕೈ ಚಾಚಿದರು. ಮಿಸ್ ಅರ್ನೆಸ್ಟೀನ್ ಕೊಡಲಿಲ್ಲ.

"ಹೆದರಿದ ಮನುಷ್ಯ, ಒಂದು ವಾರಕ್ಕೆ ಹೇಳ್ತಾನೆ ಅನ್ಕೊಂಡೆ. ಎರಡು ವಾರಕ್ಕೆ ಹೇಳ್ತಾನೆ ಅನ್ಕೊಂಡೆ. ಪ್ರತಿ ಶುಕ್ರವಾರ ನಿದ್ದೆ ಆಯ್ತಾ ಅಂತ ಬಾಯಿಬಿಟ್ಟು ಕೇಳ್ದೆ. ನೀವು ಕೇಕ್ ತಿನ್ನೋಕೆ ಮಾತ್ರ ಬಾಯಿ ತೆರೆದ್ರಿ." ಟೋಪಿಯನ್ನು ಅವರ ಕೈಗೆ ವಾಪಸ್ಸು ಇಟ್ಟರು. "ಮಲಗಿದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಹೆಸರು ಹಿಡ್ಕೊಂಡು, ಆ ಮಗೂನ ಹಿಡ್ಕೊಂಡು, ಇಷ್ಟು ಜನರ ಮುಂದೆ ಹೇಳಿದ್ರಲ್ಲ."

ಅವರು ವ್ಯಾನಿನ ಕಡೆ ನಡೆದರು. ಆಲ್ಟನ್ ಆ ಮೆಟ್ಟಿಲ ಮೇಲೇ ಕೂತುಬಿಟ್ಟರು. ಅರವತ್ತೆರಡು ವರ್ಷದ ಮನುಷ್ಯ ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ವಾಪಸ್ಸು ಬರುವಾಗ ಒಂದು ಗಂಟೆ ಇಡೀ ಅವರು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಮುಂದಿನ ನೇರಳೆ ಹ್ಯಾಟನ್ನೇ ನೋಡುತ್ತಿದ್ದರು. ಜನ ಹಾಡುತ್ತಿದ್ದರು.

ಮರುದಿನ ಸಂಜೆ ನಮ್ಮ ಮನೆಗೆ ಬಂದರು. ಅಮ್ಮ ಪಾನ್ಸಿಟ್ ಶಾವಿಗೆ ಬಡಿಸಿದರು, ಮುಟ್ಟಲಿಲ್ಲ.

"ಸಭೆ ಆದ್ಮೇಲೂ ಹದಿನೈದು ದಿನ ಯಾರು ಬೇಕಾದ್ರೂ ಬರೆದು ಕಳಿಸಬೋದಂತೆ. ಬಂದಿದ್ದಕ್ಕೆಲ್ಲ ಇಲಾಖೆಯವರು ಉತ್ತರ ಬರೀಲೇಬೇಕಂತೆ. ನಂಗೆ ಟೈಪ್ ಬರಲ್ಲ. ನೀನು ಮಾಡು."

ನಾನು ಲ್ಯಾಪ್‌ಟಾಪ್ ತೆರೆದೆ. "ಯಾಕೆ?" ಎಂದು ಕೇಳಿದೆ, ಕಾರಿನಲ್ಲಿ ಕೇಳುವ ಹಾಗೆಯೇ.

ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. 'ನಾನು ನಿದ್ದೆ ಹೋಗಿದ್ದೆ. ಕಾರು ಅವರನ್ನು ಕಂಡಿತು, ಕಾರೇ ನಿಂತಿತು. ನಿಂತ ಮೇಲೆ ನಾನು ಬ್ರೇಕ್ ಒತ್ತಿದೆ. ನಿಮ್ಮ ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಮಕ್ಕಳ ಹತ್ತಿರ ಮನುಷ್ಯ ಇರಬೇಕೆಂದು ಈಗಲೂ ನಂಬುತ್ತೇನೆ, ಆದರೆ ಎಚ್ಚರವಾಗಿರುವ ಮನುಷ್ಯ. ಮಿಸೆಸ್ ಅರ್ನೆಸ್ಟೀನ್ ಪ್ಯಾಟನ್ ಅವರ ಕ್ಷಮೆ ಕೇಳುತ್ತೇನೆ.'

"ಇನ್ನೊಂದು ಸಾಲು ಹಾಕು" ಎಂದರು. "ಪಕ್ಕದ ಸೀಟಿನವರಿಗೆ ಇದು ಯಾವುದೂ ಗೊತ್ತಿರಲಿಲ್ಲ, ನಾನು ಹೇಳಿದ್ದನ್ನ ನಂಬಿ ಬರೆದ್ರು, ಅಂತ."

"ಮನೋಂಗ್, ಅದು..."

"ಹಾಕು ತಂಗಿ. ನಿನಗೆ ಅಮ್ಮನ್ನ ನೋಡ್ಕೋಬೇಕು. ನಂಗೆ ಪಿಂಚಣಿ ಇದೆ."

ಅಮ್ಮ ಒಲೆಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದರು. ನಾನು ಆ ಸಾಲನ್ನು ಹಾಕಿದೆ. ನಿಜ ಹೇಳಲೆಂದೇ ಅವರು ಬರೆಸಿದ ಕಾಗದದಲ್ಲಿ ಅದೊಂದು ಸುಳ್ಳು, ಮತ್ತು ಅದನ್ನು ಟೈಪ್ ಮಾಡಲು ನನಗೆ ಹತ್ತು ಸೆಕೆಂಡೂ ಬೇಕಾಗಲಿಲ್ಲ.

ಬರೆದದ್ದೆಲ್ಲ ಯಾರು ಬೇಕಾದರೂ ಓದುವಂತೆ ಇಲಾಖೆಯವರು ಪ್ರಕಟಿಸುತ್ತಾರೆ. ಕಂಪನಿ ಅವರನ್ನು ಆ ವಾರವೇ ತೆಗೆದುಹಾಕಿತು. ಸಂಘದವರು ಅವರ ಫೋನಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಒಬ್ಬ ಎಡಸೀಟಿನವನು ಅಂಗಡಿಯಲ್ಲಿ ಎದುರಾಗಿ, "ಮಲಗಿದ್ದವನು ಹಾಗೇ ಮಲಗಿರಬಾರದಿತ್ತಾ?" ಎಂದನಂತೆ. ಚರ್ಚಿನವರು ಏನೂ ಅನ್ನಲಿಲ್ಲ, ಅವರೇ ಬಿಳಿ ಕೈಗವಸನ್ನು ತೊಳೆದು, ಇಸ್ತ್ರಿ ಮಾಡಿ, ಪಾದ್ರಿಗಳ ಕೈಗಿಟ್ಟು ಕೊನೆಯ ಸಾಲಿನಲ್ಲಿ ಹೋಗಿ ಕೂತರು. ನನ್ನನ್ನು ಕಂಪನಿಯವರು ಕರೆಸಿ ಎರಡು ಪ್ರಶ್ನೆ ಕೇಳಿದರು. ಆ ವಕೀಲೆ ಸಭೆಯಲ್ಲಿ ತೆರೆಯದ ಕಡತ ಅಂದು ಮೇಜಿನ ಮೇಲೆ ತೆರೆದಿತ್ತು. ನಿನಗೆ ಗೊತ್ತಿತ್ತಾ ಎಂದರು. ಇಲ್ಲ ಎಂದೆ. ಕಾಗದದಲ್ಲೂ ಹಾಗೇ ಇದೆ ಎಂದು ಅವರೇ ಸಮಾಧಾನಪಟ್ಟುಕೊಂಡರು.

ಆರು ತಿಂಗಳ ಮೇಲೆ ಅಂತಿಮ ನಿಯಮ ಬಂತು, ಜೊತೆಗೆ ಉತ್ತರಗಳ ದಪ್ಪ ಪುಸ್ತಕ. ಆಲ್ಟನ್‌ರದು ಇನ್ನೂರ ಹದಿನಾಲ್ಕನೆಯ ಅಭಿಪ್ರಾಯ. ಅದರ ಕೆಳಗೆ ಮೂರು ಸಾಲು: 'ಈ ಮಾಹಿತಿಯನ್ನು ಇಲಾಖೆ ದಾಖಲಿಸಿಕೊಂಡಿದೆ. ಶಾಲೆಗಳಿಗೆ ಸಂಬಂಧಿಸಿದ ಷರತ್ತು ಈ ಘಟನೆಯನ್ನು ಅವಲಂಬಿಸಿಲ್ಲ. ಆದ್ದರಿಂದ ನಿಯಮದಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ.' ನಾನು ಅದನ್ನು ಫೋನಿನಲ್ಲಿ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿಕೊಂಡರು.

"ಅಂದ್ರೆ ನಾನು ಸುಳ್ಳು ಹೇಳದೇ ಇದ್ದಿದ್ರೂ ಷರತ್ತು ಉಳೀತಿತ್ತು?"

"ಹೂಂ ಮನೋಂಗ್."

"ಸುಮ್ಮಸುಮ್ನೆ ಹೇಳ್ದಂಗಾಯ್ತು" ಎಂದು ಫೋನಿಟ್ಟರು.

ಷರತ್ತು ಉಳಿಯಿತು, ನಲವತ್ತು ಜನರ ಕೆಲಸವೂ ಉಳಿಯಿತು. ಒಂದು ಎಡಸೀಟು ಖಾಲಿಯಿತ್ತಲ್ಲ, ಅದನ್ನು ನನಗೆ ಕೊಟ್ಟರು. ಸಂಬಳವೂ ಸ್ವಲ್ಪ ಹೆಚ್ಚು. ಬೆಳಿಗ್ಗೆ ಕಾಫಿ ಕುಡಿಯದೆ ನಾನು ಆ ಸೀಟಿನಲ್ಲಿ ಕೂರುವುದಿಲ್ಲ.

ಮೊನ್ನೆ ಮೊದಲ ಸಲ ನನ್ನನ್ನು ಆ ಶಾಲೆಯ ದಾರಿಗೆ ಹಾಕಿದರು. ದಾಟುಪಟ್ಟೆಯ ಹತ್ತಿರ ಬರುತ್ತಿದ್ದಂತೆ ಕಾರು ತಾನೇ ನಿಧಾನವಾಗಿ ನಿಂತಿತು. ಮಿಸ್ ಅರ್ನೆಸ್ಟೀನ್ ಕೆಂಪು ಫಲಕ ಹಿಡಿದು ಅಂಚಿನಲ್ಲಿದ್ದರು. ಅವರ ಪಕ್ಕದಲ್ಲಿ ಹಳದಿ ಅಂಗಿ ತೊಟ್ಟ ಆಲ್ಟನ್. ಟೋಪಿ ಇರಲಿಲ್ಲ, ಬಕ್ಕತಲೆಗೆ ಬಿಸಿಲು ಬಿದ್ದಿತ್ತು. ಈಗ ಬೆಳಗಿನ ಹೊತ್ತು ಅವರು ಸಂಬಳವಿಲ್ಲದೆ ಅಲ್ಲಿ ಕೆಲಸ ಮಾಡುತ್ತಾರೆಂದು ಕೇಳಿದ್ದೆ. ಮಿಸ್ ಅರ್ನೆಸ್ಟೀನ್ ಬೇಡ ಎಂದಿಲ್ಲವಂತೆ. ಕೇಕನ್ನು ಮಾತ್ರ ಮತ್ತೆ ಮಾಡಿಕೊಟ್ಟಿಲ್ಲವಂತೆ.

ಮಿಸ್ ಅರ್ನೆಸ್ಟೀನ್ ರಸ್ತೆಗಿಳಿಯಲಿಲ್ಲ. ಗಾಜಿನ ಈಚೆ ನನ್ನ ಕಣ್ಣು ಹುಡುಕುತ್ತಿದ್ದರು. ನಾನು ಮಡಿಲನ್ನು ನೋಡುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಹಿಂದಿನ ಕಾರು ಎರಡು ಸಲ ಹಾರ್ನ್ ಹೊಡೆಯಿತು.

"ಅವರು ಯಾಕೆ ದಾಟ್ತಿಲ್ಲ?" ಎಂದು ಬಲಸೀಟಿನಲ್ಲಿದ್ದ ಹೊಸಬಳು ಕೇಳಿದಳು.

"ನಾನು ತಲೆ ಎತ್ತಲಿ ಅಂತ" ಎಂದೆ.

ಎತ್ತಿದೆ. ಮಿಸ್ ಅರ್ನೆಸ್ಟೀನ್ ನನ್ನನ್ನು ನೋಡಿದರು, ಗುರುತು ಹಿಡಿದರು, ಮಕ್ಕಳನ್ನು ಇಳಿಸಿದರು. ಕೊನೆಯ ಮಗುವಿನ ಹಿಂದೆ ಆಲ್ಟನ್ ಬರುತ್ತಿದ್ದರು. ಬಾನೆಟ್ಟಿನ ಎದುರಿಗೆ ಬಂದಾಗ ಗಾಜಿನೊಳಗೆ ಇಣುಕಿ, ನನ್ನನ್ನು ಕಂಡು, ಮುಖವಿಡೀ ನಗುತ್ತಾ ಕೈ ಬೀಸಿದರು. ಆ ಕೈಯನ್ನು ನೋಡಲಾಗದೆ ಮತ್ತೆ ತಲೆ ತಗ್ಗಿಸಿದೆ.